‘ರಿ’ ಹಚ್ಚಿ ಬೈದ ಪ್ರಕರಣ

ನಂಬ್ರಿ ಬಿಡ್ರಿ, ನಮ್ಮ ಇಳಕಲ್ಲ ಈರಪ್ಪಗ ಬೈಯಾಕ ಬರೂದಿಲ್ಲ ಅಂತ ಮೆಮೋ ಬಂತು! ಯಾವ ಕಾಲದಾಗೋ ಅಲ್ಲ, ಮೊನ್ನೆ ಮೊನ್ನೆ, ಇದ ಎಪ್ಪತ್ತೊಂಬತ್ತನೇ ಇಸ್ವ್ಯಾಗ, ಮಂದಿ ಇಷ್ಟೆಲ್ಲಾ ಸುಧಾರಿಸಿದ ಮ್ಯಾಲ! ಲಂಚಾ ತಿಂದದ್ದಕ್ಕ ಅಲ್ಲ, ಕಚೇರ್ಯಾಗ ನಿದ್ದಿ ಹೊಡದದ್ದಕ್ಕೂ ಅಲ್ಲ. ಪೋಸ್ಟಮನ್ ತಂದು ಕೈಯಾಗ ಇಟ್ಟ, ಈರಪ್ಪ ನಿಂತು ಓದಿದ, ಓದಿ ಕುಂತ, ಕುಂತು ಮತ್ತೊಮ್ಮೆ ಓದಿದ:

“ತಾವು ತಮ್ಮ ಅಧೀನ ನೌಕರರಾದ ಶ್ರೀ ಮುತ್ತಪ್ಪ ಎಂಬುವರನ್ನು ನಿಯಮಾನುಸಾರ ಬೈಯದೆ, ಬೈಗುಳಕ್ಕೆ ‘ರಿ’ ಎಂಬ ಗೌರವಸೂಚಕವನ್ನು ಸೇರಿಸಿ, ಸದರಿ ಬೈಗುಳದ ಪರಿಣಾಮವನ್ನು ಕುಂದಿಸಿರುತ್ತೀರಿ. ಮುಂಬರುವ ತಪಾಸಣೆಯೊಳಗಾಗಿ ಸಮರ್ಪಕವಾಗಿ ಬೈಯಲು ಕಲಿಯತಕ್ಕದ್ದು. ತಪ್ಪಿದಲ್ಲಿ ತಮ್ಮನ್ನು ಖಾಯಂಗೊಳಿಸುವ ಪ್ರಸ್ತಾವವನ್ನು ಕೈಬಿಡಲಾಗುವುದು.”

ಈಗ ಈ ಈರಪ್ಪ ಯಾರು ಅಂತ ಹೇಳಬೇಕಲ್ಲ, ಹೇಳತೇನಿ, ತಡೀರಿ. ಕೈಮಗ್ಗ ಮಂಡಳಿಯವರ ಇಳಕಲ್ಲ ಸೀರಿ ಕೇಂದ್ರ ಐತೆಲ್ಲ, ಅದರ ಹಂಗಾಮಿ ಮೇಲ್ವಿಚಾರಕ ಇಂವ. ಹಂಗಾಮಿ ಅನ್ನೂ ಶಬ್ದ ಅಂಡರಲೈನ್ ಮಾಡ್ಕೋರಿ. ಆ ಕುರ್ಚಿಗೆ ಬಂದಾಗ ಅಂವಂದು ಲಗ್ನ ಆಗಿದ್ದಿಲ್ಲ. ಈಗ ಮಕ್ಕಳು ಸಾಲಿಗೆ ಹೊಂಟಾವು. ಹೆಂಡ್ತಿ ಖಾಯಂ, ಮಕ್ಕಳು ಖಾಯಂ, ಮನಿ ಬಾಡಗಿ ಖಾಯಂ, ಇಂವೊಬ್ಬ ಹಂಗಾಮಿ. ಮಂಡಳಿ ಸಾಹೇಬ್ರು ನಾಳೆ ‘ಸಾಕಪಾ, ಮನೀಗೆ ಹೋಗು’ ಅಂದ್ರ ಮುಗೀತು, ಹೋಗಬೇಕು. ಖಾಯಂ ಅನ್ನೂ ಒಂದ ಶಬ್ದ ಕಿವ್ಯಾಗ ಬೀಳಲಿ ಅಂತ ಅಂವ ಕೂಡಲಸಂಗಮಕ್ಕ ಹೋದಾಗೆಲ್ಲಾ ನೀರಾಗ ಮುಳಗಿ ಒಂದ ಬೇಡಿಕಿ ಇಟ್ಟು ಮ್ಯಾಲ ಏಳತಿದ್ದ.

ಮೊದಲ ಹ್ಯಾಂಗಿತ್ತಂದ್ರ, ಈರಪ್ಪ ಎಲ್ಲಾರಿಗೂ ಒಂದ ಮಾತು ಹೇಳತಿದ್ದ: “ಒಂಚೂರು ನೋಡ್ರೆಪಾ.” ಅಷ್ಟ! ಆ ಮಾತಿನ ಮ್ಯಾಲ ಸೀರಿ ಆಗತಿದ್ದವು. ಹ್ಯಾಂಗ ಆಗತಿದ್ದವು ಅಂತ ಈರಪ್ಪಗೂ ಗೊತ್ತಿದ್ದಿಲ್ಲ, ಮಂಡಳಿಗೂ ಗೊತ್ತಿದ್ದಿಲ್ಲ. ಮಂಡಳಿಗೆ ಗೊತ್ತಿಲ್ಲದ್ದು ನಡದ್ರ ಅದು ಅವ್ಯವಸ್ಥೆ. ಅದಕ್ಕ ಶ್ರಾವಣದಾಗ ಒಂದ ಸುತ್ತೋಲೆ ಕಳಿಸಿದ್ರು:

“ಎಲ್ಲ ನೌಕರರನ್ನೂ ಒಂದೇ ರೀತಿಯಲ್ಲಿ ಮುನ್ನಡೆಸುವುದು ಅವೈಜ್ಞಾನಿಕವೆಂದು ಮಂಡಳಿಯು ಮನಗಂಡಿದೆ. ಆದ್ದರಿಂದ ಪ್ರತಿಯೊಬ್ಬ ಮೇಲ್ವಿಚಾರಕನು ಪ್ರತಿಯೊಬ್ಬ ನೌಕರನ ಮಟ್ಟಕ್ಕೆ ಇಳಿದು, ಅವನ ಸ್ವಭಾವಕ್ಕೆ ಒಗ್ಗುವ ನಾಯಕತ್ವವನ್ನು ಒದಗಿಸತಕ್ಕದ್ದು. ಒಗ್ಗದ ನಾಯಕತ್ವ ದೊರೆತಲ್ಲಿ ನೌಕರನು ಒಂದು ಅಂಚೆ ಕಾರ್ಡಿನ ಮೂಲಕ ಮಂಡಳಿಗೆ ದೂರು ನೀಡಬಹುದು.”

ಈರಪ್ಪ ನಾಕೂ ಮಂದಿ ಸಿಬ್ಬಂದೀನ ಕೂಡಿಸಿದ. ಗಂಟಲಾ ಸರಿ ಮಾಡ್ಕೊಂಡು, ಅಂಗಡ್ಯಾಗ ಬಟ್ಟಿ ಕೇಳಿದಂಗ ಕೇಳಿದ: “ನಿಮಗೆಲ್ಲಾ ಯಾವ ನಮೂನಿ ಸಾಹೇಬ ಬೇಕ್ರೆಪಾ?”

ಯಾರೂ ನಗಲಿಲ್ಲ. ಸರಕಾರಿ ಸೌಲತ್ತು ಬಂದಾಗ ಯಾರು ನಗತಾರ್ರಿ?

ಮೊದಲ ಸಿಪಾಯಿ ಸಂಗಯ್ಯ ಎದ್ದ. ವಯಸ್ಸಾದಾಂವ, ಹಣಿ ತುಂಬ ವಿಭೂತಿ. “ನೋಡ ಈರಪ್ಪಾ, ಮನ್ಯಾಗ ನಾ ಅಯ್ಯ, ನೀ ಭಕ್ತ. ಕಚೇರ್ಯಾಗ ನೀ ಸಾಹೇಬ, ನಾ ಸಿಪಾಯಿ. ಇವೆರಡೂ ಕೂಡಿ ನನಗ ಯಾವಾಗ ಕೈ ಎತ್ತಬೇಕು, ಯಾವಾಗ ಕೈ ಮುಗೀಬೇಕು ತಿಳೀವಲ್ಲದು. ಮೊದಲ ಶರಣಾರ್ಥಿ ಮಾಡು, ಆಮ್ಯಾಲ ನೀರ ತರಾಕ ಹೇಳು.”

“ಕಾಲಿಗೆ ಬೀಳಬೇಕೇನ್ರಿ ಅಯ್ಯನೋರ?”

“ಪೂರಾ ಬ್ಯಾಡ. ಬಗ್ಗಿದ್ರ ಸಾಕು. ಕಚೇರಿ ಅಲ್ಲೇನ, ಮಠಾ ಅಲ್ಲ.”

ಆಮ್ಯಾಲ ನಜೀರಸಾಬ. ಇಳಕಲ್ಲ ಸೀರಿ ಸೆರಗು ಬ್ಯಾರೆ, ಒಡಲು ಬ್ಯಾರೆ. ಆ ಎಳೀಗೆ ಈ ಎಳಿ ಕೊಂಡಿ ಹಾಕಿ ಕೂಡಿಸೂದು ಅಂದ್ರ ಕಣ್ಣಿನ ಕೆಲಸ, ಅದನ್ನ ಇಂವ ಮಾಡತಾನ. “ನಂದೇನ ದೊಡ್ಡ ಆಸೆ ಇಲ್ರಿ ಸಾಹೇಬ್ರ,” ಅಂದ, “ಒಂದೊಂದು ಎಳಿ ಕೂಡಿಸಿದಾಗ ಒಂದೊಂದು ವಾಹ್ವಾ ಅಂದ್ರ ಸಾಕು.”

“ಒಂದ ಸೀರ್ಯಾಗ ಎಷ್ಟ ಎಳಿ ಇರತಾವ ನಜೀರಸಾಬ?”

“ಎಣಸಬ್ಯಾಡ್ರಿ. ಎಣಸಿದ್ರ ವಾಹ್ವಾದಾಗ ರುಚಿ ಇರೂದಿಲ್ಲ.”

ನೇಯೂ ಸಾವಂತ್ರವ್ವ ಎಲಿ ಅಡಿಕಿ ಕೆನ್ನಿಗೆ ಒತ್ತಿ, ಕುಂತಲ್ಲಿಂದ ಹೇಳಿದಳು: “‘ಮಟ್ಟಕ್ಕ ಇಳದು’ ಅಂತ ಬರದಾರ ಹೌದಿಲ್ರಿ? ನನ್ನ ಮಟ್ಟ ಎಲ್ಲೈತಿ? ಕುಣ್ಯಾಗ.” ಖರೆ ಮಾತು! ನಮ್ಮ ಕಡೆ ಮಗ್ಗದ ಕೆಳಗ ನೆಲದಾಗ ಕುಣಿ ತೋಡಿರತಾರ, ನೇಯವ್ರು ಅದರಾಗ ಕಾಲ ಇಳಿಬಿಟ್ಟು ಕೂಡತಾರ. “ಮ್ಯಾಲ ನಿಂತು ಹೇಳಿದ್ರ ನನಗ ಕೇಳಸೂದಿಲ್ರಿ. ಇಳದು ಹೇಳ್ರಿ.”

ಕಡೀಕ ನೂಲಿಗೆ ಬಣ್ಣಾ ಹಾಕೂ ಮುತ್ತಪ್ಪ. ಗೋಡಿಗೆ ಆತುಕೊಂಡು ನಿಂತಿದ್ದ. “ನನಗ ಬೈಬೇಕ್ರಿ.”

“ಯಾಕಪಾ? ಚೊಲೋ ಕೆಲಸಾ ಮಾಡ್ತಿಯೆಲ್ಲ!”

“ಅದ ನೋಡ್ರಿ, ಚೊಲೋ ಅಂದ ಕೂಡ್ಲೆ ನನ್ನ ಕೈ ಜೋತಬಿದ್ದವು. ನಮ್ಮಪ್ಪ ಕುರಿಗೂ ಬೈತಿದ್ದ, ನನಗೂ ಬೈತಿದ್ದ. ಕುರಿ ದಾರಿ ಹಿಡದು ಹೊಂಟವು, ನಾ ಬಣ್ಣದ ಕೆಲಸಾ ಹಿಡದೆ. ಅಪ್ಪ ತೀರಿದ ಮ್ಯಾಲ ನನಗ ಪ್ರೀತೀಲೆ ಬೈಯವ್ರು ಯಾರೂ ಇಲ್ರಿ.” ಅಂದು ಮುತ್ತಪ್ಪ ಕಣ್ಣಾಗ ನೀರ ತಂದ. ಈರಪ್ಪ ಕರಗಿ ಹೋದ. ಕರಗಿದಾಂವ ಬೈಯೂದು ಹ್ಯಾಂಗ್ರಿ?

ಮರುದಿನದಿಂದ ನಾಯಕತ್ವ ಚಾಲೂ ಆತು. ಈರಪ್ಪ ಬಗ್ಗಿ ಶರಣಾರ್ಥಿ ಅಂತಾನ, ಸಂಗಯ್ಯ ಕೈ ಎತ್ತಿ ‘ಕಲ್ಯಾಣವಾಗಲಿ’ ಅಂದು ಸಮಾಧಾನಲೇ ನೀರ ತರಾಕ ಹೋಗತಾನ. ನೀರ ಬರೂದ್ರಾಗ ಇಂವ ಕುಣ್ಯಾಗ ಇಳದಿರತಾನ. ಕುಣ್ಯಾಗ ಸಾವಂತ್ರವ್ವನ ಮಗ್ಗಲದಾಗ ಇಕ್ಕಟ್ಟಿನಾಗ ಕುಂತು “ಯವ್ವಾ, ಸೀರಿ ಅಂಚಿನ ಈ ದಡಿ ಒಂಚೂರು ಬಿಗಿ ಇರಲಿ” ಅನ್ನೂದ್ರಾಗ ಅಲ್ಲಿ ನಜೀರಸಾಬ ಕೊಂಡಿ ಹಾಕಿ, ಎಳಿ ಎತ್ತಿ ಹಿಡದು, ವಾಹ್ವಾ ಬರೂತನಾ ಉಸರ ಬಿಗಿಹಿಡದು ಕುಂತಿರತಾನ. ಕುಣಿಯಿಂದ ಮ್ಯಾಲ ಎದ್ದು ವಾಹ್ವಾ, ಮತ್ತ ಕೆಳಗ, ಮತ್ತ ಮ್ಯಾಲ, ವಾಹ್ವಾ! ಈರಪ್ಪನ ಧೋತರದ ತುಂಬ ಕುಣಿ ಮಣ್ಣು. ಇತ್ತ ಮುತ್ತಪ್ಪ ಆರಿದ ಬಣ್ಣದ ಹಂಡೇದ ಮುಂದ ಕುಕ್ಕರಗಾಲಲೇ ಕುಂತು, ಬೈಗುಳದ ದಾರಿ ಕಾಯಾಕತ್ತಿದ್ದ.

ಸೀರಿ ಅರ್ಧಕ್ಕ ಇಳದ್ವು. ಈರಪ್ಪ ಮಂಡಳಿಯ ಬಾಗಲಕೋಟಿ ಕಚೇರಿಗೆ ವರದಿ ಕಳಿಸಿದ. ಉತ್ತರಾ ಬಂತು: “ಸೀರೆಗಳ ಸಂಖ್ಯೆ ಇಳಿದಿದ್ದರೂ ಪ್ರತಿ ಸೀರೆಗೆ ಬಳಕೆಯಾದ ನಾಯಕತ್ವದ ಪ್ರಮಾಣ ಗಣನೀಯವಾಗಿ ಏರಿರುವುದು ಸಂತೋಷದ ಸಂಗತಿ. ಇದೇ ರೀತಿ ಮುಂದುವರಿಯಿರಿ.”

ಬೈಗುಳದ್ದೊಂದ ಬಾಕಿ ಉಳೀತು. ಈರಪ್ಪ ಜನ್ಮದಾಗ ಯಾರಿಗೂ ಬೈದಾಂವ ಅಲ್ಲ. ನಾಯಿಗೆ ಸೈತ ‘ಸರೀಪಾ ಅತ್ತಾಗ’ ಅಂತಾನ. ಸಂಜಿಮುಂದ ಒಲಿ ಹಂತ್ಯಾಕ ಕುಂತು ಹೆಂಡ್ತಿ ಬಸಲಿಂಗವ್ವಗ ಹೇಳಿದ. ಆಕಿ ರೊಟ್ಟಿ ಬಡ್ಯೂದು ನಿಲ್ಲಸಲಿಲ್ಲ.

“ಬೈಯೂದು ಏನ ಮಹಾ ವಿದ್ಯಾರೀ? ನನಗ ಬೈರಿ ನೋಡೂಣು.”

ಈರಪ್ಪ ಉಸರ ತುಂಬಿಕೊಂಡ. “ನೀ... ನೀ ಅಂದ್ರ... ರೊಟ್ಟಿ ಭಾಳ ಚೊಲೋ ಮಾಡ್ತಿ.”

“ಅಯ್ಯ ನನ ಶಿವನ! ಇದೇನ್ರಿ ಇದು? ಬುದ್ಧಿ ಐತೇನ್ರಿ ನಿಮಗ? ಕಣ್ಣೇನು ಬೆನ್ನಿಗೆ ಹಚ್ಚಿಸಿಕೊಂಡ ಬಂದೀರೇನ್ರಿ? ಕಚೇರಿಗೆ ಹೋಗಿ ಕುರ್ಚಿ ಬಿಸಿ ಮಾಡಿ ಬರತೀರಿ, ಒಂದ ಮಾತ ಜೋರ ಆಡಾಕ ನಾಚತೀರೇನ್ರಿ? ಹೀಂಗ ಅನಬೇಕು. ಅನ್ರಿ!”

ಈರಪ್ಪಗ ಭಾಳ ಸೇರಿತು. ಸಾಲಿ ಹುಡುಗೂರು ಮಗ್ಗಿ ಬಾಯಿಪಾಠ ಮಾಡಿದಂಗ ರಾತ್ರಿ ಊಟದತನಕಾ ಉರು ಹೊಡದ. ಮುಂಜೇಲೆ ಬಣ್ಣದ ಹಂಡೇದ ಮುಂದ ಹೋಗಿ ನಿಂತು, ಕಣ್ಣ ಮುಚ್ಚಿ ಒದರಿದ: “ಲೇ ಮುತ್ತಪ್ಪಾ! ಬುದ್ಧಿ ಐತೇನ್ರಿ ನಿಮಗ? ಕಣ್ಣೇನು ಬೆನ್ನಿಗೆ ಹಚ್ಚಿಸಿಕೊಂಡ ಬಂದೀರೇನ್ರಿ?”

ಮುತ್ತಪ್ಪನ ಮುಖ ಮೊದಲ ಅರಳಿತು, ಆಮ್ಯಾಲ ಬಾಡಿತು. “ಇದೇನ್ರಿ ಸಾಹೇಬ್ರ? ಐತೇನ್ರಿ, ಬಂದೀರೇನ್ರಿ? ರಿ ಹಚ್ಚಿದ್ರ ಅದು ಬೈಗುಳಾ ಹ್ಯಾಂಗ ಆಗತೈತಿ, ಲಗ್ನಕ್ಕ ಕರದಂಗ ಆತು!”

ತಪ್ಪು ಎಲ್ಲೆ ಆತು ಅಂತ ತಿಳೀತಲ್ರಿ? ಗಂಡಗ ಹೆಂಡ್ತಿ ಬೈದ್ರ ರಿ ಬಿಡೂದಿಲ್ಲ. ಎಷ್ಟ ಸಿಟ್ಟು ಬರಲಿ, ಲಟ್ಟಣಗಿ ಕೈಯಾಗ ಇರಲಿ, ರಿ ಮಾತ್ರ ಇರಬೇಕು. ಈರಪ್ಪ ಜನ್ಮದಾಗ ಕೇಳಿದ ಬೈಗುಳಾ ಅಂದ್ರ ಅದೊಂದ. ಅದನ್ನ ರಿ ಸಮೇತ ಎತ್ತಿ ತಂದಾನ!

ಮುತ್ತಪ್ಪ ಸಂಗಯ್ಯನ ಕಡಿಂದ ಕಾರ್ಡ ಬರಸಿದ. ಬರಸೂ ಮುಂದ ಈರಪ್ಪನ ಹಂತೇಲೇ ಬಂದು ಹೇಳಿದ, “ನಿಮ್ಮ ಮ್ಯಾಲ ಸಿಟ್ಟಿಲ್ರಿ ಸಾಹೇಬ್ರ. ಹಕ್ಕಿನ ಮಾತು.” ಈರಪ್ಪನೂ ಹೌದಂದ. ಕಾರ್ಡ ಅಂಚೀ ಡಬ್ಬಿಗೆ ಹಾಕಿದಾಂವ ಸೈತ ಈರಪ್ಪನ. ಸಂಗಯ್ಯಗ ಶರಣಾರ್ಥಿ ಮಾಡಿ ಹೇಳೂದಕಿಂತ ತಾನ ಹೋಗೂದು ಲಗೂ ಆಗತಿತ್ತು. ಅದರ ಉತ್ತರಾ ಅಂತ ಬಂದದ್ದ ಆ ಮೆಮೋ.

ಮೆಮೋ ಕೈಯಾಗ ಹಿಡದು ಈರಪ್ಪ ಹಗಲು ರಾತ್ರಿ ಒಂದ ಮಾಡಿದ. ಬಸಲಿಂಗವ್ವ ಎದರಿಗೆ ಕುಂತು ತಿದ್ದತಿದ್ದಳು. “ಲೇ ಅನ್ರಿ.”

“ಲೇ.”

“ಮುತ್ತ್ಯಾ ಅನ್ರಿ.”

“ಮುತ್ತ... ಮುತ್ತಪ್ಪನವರ...”

“ರಿ ಬಿಡ್ರಿ!”

“ಬಿಟ್ಟೇನ್ರಿ!”

ಬಸಲಿಂಗವ್ವ ಹಣಿ ಹಣಿ ಬಡಕೊಂಡಳು. “ಈ ಸಲಾ ಖಾಯಂ ಆಗಲಿಲ್ಲಂದ್ರ ಇನ್ನ ಆಗೂದಿಲ್ರಿ,” ಅಂದಳು. ಸಿಟ್ಟಿಲೆ ಅಲ್ಲ, ಮೆಲ್ಲಕ ಅಂದಳು. ಬೈದದ್ದಕಿಂತ ಅದ ಜೋರ ನಟ್ಟಿತು.

ತಪಾಸಣೆ ದಿನಾ ಬಂತು. ಬೆಂಗಳೂರ ಕಡೆಯ ಸಾಹೇಬ್ರು, ಎತ್ತರದ ಆಳು, ಕರೇ ಬೂಟು ಮಿಂಚಾಕತ್ತಿದ್ದವು. ಬಾದಾಮಿ ಸ್ಟೇಶನ್ನದಾಗ ಗಾಡಿ ಇಳದು ಬಸ್ಸಿನಾಗ ಬಂದಿದ್ರು, ಅಂಗಿಗೆ ಒಂದ ಧೂಳ ಹತ್ತಿದ್ದಿಲ್ಲ. ಕುರ್ಚೀನ ಕರವಸ್ತ್ರಲೇ ಒರಸಿ, ಕುಂತು, ಹೇಳಿದ್ರು: “ಶ್ರೀ ಈರಪ್ಪನವರೇ, ತಮ್ಮ ಖಾಯಮಾತಿಯು ಇಂದಿನ ಪ್ರಾತ್ಯಕ್ಷಿಕೆಯನ್ನು ಅವಲಂಬಿಸಿದೆ. ದಯಮಾಡಿ ನಾಯಕತ್ವವನ್ನು ಆರಂಭಿಸಿ.”

ಈರಪ್ಪ ಆರಂಭಿಸಿದ. ಸಂಗಯ್ಯಗ ಬಗ್ಗಿದ. ಸಾಹೇಬ್ರು ತಲಿ ಅಲ್ಲಾಡಿಸಿದ್ರು. ನಜೀರಸಾಬಗ ವಾಹ್ವಾ ಅಂದ, ಸಾಹೇಬ್ರೂ ಕೂಡಿ ಒಂದ ವಾಹ್ವಾ ಅಂದ್ರು. “ಈಗ ಶ್ರೀಮತಿ ಸಾವಂತ್ರವ್ವನವರ ಮಟ್ಟ.” ಈರಪ್ಪ ಕುಣ್ಯಾಗ ಇಳದ. ಗಡಬಡ್ಯಾಗ ಬಲಗಾಲು ಮಗ್ಗದ ಕಾಲಹಲಗೀ ಸಂದ್ಯಾಗ ಹೋಗಿ ಗಪ್ಪನ ಹಿಡಕೊಂತು. ಎಳದ್ರ ಬರಲಿಲ್ಲ. ಸಾವಂತ್ರವ್ವ “ತಡೀರಿ, ಎಳೀಬ್ಯಾಡ್ರಿ, ಹಾಸು ಹರೀತೈತಿ!” ಅಂತ ಚೀರಿದಳು. ಹಾಸು ಅಂದ್ರ ಮಗ್ಗದ ಮ್ಯಾಲ ಉದ್ದಕ ಬಿಗದ ನೂಲು, ಹರದ್ರ ಕೆಟ್ಟಿತು.

“ಚಿಂತೆಯಿಲ್ಲ,” ಅಂದ್ರು ಸಾಹೇಬ್ರು, “ಅಲ್ಲಿಂದಲೇ ಶ್ರೀ ಮುತ್ತಪ್ಪನವರನ್ನು ಬೈಯಿರಿ. ಕೆಳಗಿನಿಂದ ಮೇಲಕ್ಕೆ ಬೈಯಬಾರದೆಂಬ ನಿಯಮವೇನೂ ಇಲ್ಲ.”

ಮುತ್ತಪ್ಪ ಬಂದು ಕುಣಿ ದಂಡಿ ಮ್ಯಾಲ ಕೈ ಕಟ್ಟಿ, ತಲಿ ತಗ್ಗಿಸಿ, ಮದಿಮಗನಂಗ ನಿಂತ. ಈರಪ್ಪ ಬಾಯಿ ತಗದ. “ಲೇ...” ಅಂದ. “ಲೇ ಮು...” ಸಾಹೇಬ್ರು ಸರಿಯಾಗಿ ಕೇಳಸವಲ್ಲದು ಅಂತ ಕುರ್ಚಿ ಬಿಟ್ಟು ಎದ್ದು ಬಂದ್ರು. ಬಂದ್ರು, ಬಂದ್ರು, ಕಿವಿ ಮುಂದ ಮಾಡಿ ಬಗ್ಗಿದ್ರು, ಬಗ್ಗಿ ಒಂದ ಹೆಜ್ಜಿ ಮುಂದಿಟ್ರು. ಕರೇ ಬೂಟು ಹೋಗಿ ಸೀದಾ ಹಾಸಿನ ಮ್ಯಾಲ!

ಇಳಕಲ್ಲದಾಗ ಹುಟ್ಟಿದ ಕೂಸು ಸೈತ ಮಗ್ಗದ ಹಂತ್ಯಾಕ ಚಪ್ಪಲಿ ಒಯ್ಯೂದಿಲ್ರಿ. ಸಾವಂತ್ರವ್ವ ಎರಡೂ ಕೈ ಬಾಯಿಗೆ ಇಟ್ಟಳು. ನಜೀರಸಾಬನ ಕೈಯಾಗಿನ ಎಳಿ ಬಿತ್ತು. ಈರಪ್ಪನ ಒಳಗ ಏನೋ ಪಟಕ್ಕನ ಹರೀತು.

“ಏನ್ರೀ! ಬುದ್ಧಿ ಐತೇನ್ರಿ ನಿಮಗ? ಕಣ್ಣೇನು ಬೆನ್ನಿಗೆ ಹಚ್ಚಿಸಿಕೊಂಡ ಬಂದೀರೇನ್ರಿ? ಮಗ್ಗಂದ್ರ ಸಂತಿ ಬಯಲಂತ ತಿಳದೀರೇನ್ರಿ? ನಿಮ್ಮವ್ವ ಉಟ್ಟ ಸೀರಿ ಮ್ಯಾಲ ಹೀಂಗ ಬೂಟಗಾಲು ಇಡತೀರೇನ್ರಿ? ಇಷ್ಟ ವರ್ಷ ಕೂಳು ತಿಂದು ಏನ ಕಲತ್ರಿ? ನಾಚಿಕಿ ಬರೂದಿಲ್ರಿ? ತಗೀರಿ ಬೂಟು! ತಗೀರಿ ಅಂದ್ನಿ! ಹಂಗ್ಯಾಕ ಗರಾ ಬಡದವರಂಗ ನಿಂತೀರಿ?”

ಸಾಹೇಬ್ರು ಕಾಲ ಹಿಂದ ತಗೊಂಡ್ರು. ಕೂಸಿನಂಗ ನೆಲದ ಮ್ಯಾಲ ಕುಂತು ಒಂದ ಬೂಟು ಬಿಚ್ಚಿದ್ರು, ಎರಡನೇದು ಬಿಚ್ಚಿದ್ರು. ಕಾಲಚೀಲದಾಗ ಹೆಬ್ಬೆರಳು ಹೊರಗ ಬಂದಿತ್ತು. ಮುತ್ತಪ್ಪ, ಯಾರೂ ಹೇಳದಿದ್ರೂ, ಬಣ್ಣದ ಮನೀಗೆ ಓಡಿ ಹೋಗಿ ಹಂಡೇದ ಕೆಳಗ ಉರಿ ಹಚ್ಚಿಬಿಟ್ಟ. “ಹೀಂಗ ಬೈತೀರಂತ ಗೊತ್ತಿದ್ರ,” ಅಲ್ಲಿಂದ ಒದರಿದ, “ರಿ ಇದ್ರೂ ನಡೀತಿತ್ತರೀ!”

ಈರಪ್ಪ ಕಾಲ ಸಿಕ್ಕಿಸಿಕೊಂಡು ಕುಣ್ಯಾಗ ನಿಂತಿದ್ದ. ಮುಗೀತು, ಖಾಯಂ ಹೋತು, ಹಂಗಾಮೀನೂ ಹೋತು ಅಂತ ಕಣ್ಣ ಮುಂದ ಬಾಡಗಿ ಮನೀ ಕದಾ ಕಾಣಾಕತ್ತಿತ್ತು. ಸಾಹೇಬ್ರು ಮ್ಯಾಲ ಎದ್ರು. ಕಣ್ಣ ಒದ್ದಿ ಆಗಿದ್ದವು.

“ಶ್ರೀ ಈರಪ್ಪನವರೇ. ನನ್ನ ಇಡೀ ಸೇವಾವಧಿಯಲ್ಲಿ ಮೇಲಿನವರು ನನ್ನನ್ನು ಬೈದಿದ್ದಾರೆ, ಗೌರವಿಸಿಲ್ಲ. ಕೆಳಗಿನವರು ಗೌರವಿಸಿದ್ದಾರೆ, ಬೈದಿಲ್ಲ, ಕನಿಷ್ಠಪಕ್ಷ ನನಗೆ ಕೇಳಿಸುವಂತೆ ಬೈದಿಲ್ಲ. ಎರಡನ್ನೂ ಒಂದೇ ಉಸಿರಿನಲ್ಲಿ ಒದಗಿಸಿದವರು ತಾವೇ ಮೊದಲಿಗರು. ನನ್ನ ಸ್ವಭಾವಕ್ಕೆ ಒಗ್ಗುವ ನಾಯಕತ್ವ ಯಾವುದೆಂದು ನನಗೆ ಈಗ ತಿಳಿಯಿತು.”

ಸಂಗಯ್ಯ, ಯಾರೂ ಶರಣಾರ್ಥಿ ಮಾಡದಿದ್ರೂ, ತಾನ ಹೋಗಿ ಸಾಹೇಬ್ರಿಗೆ ನೀರ ತಂದ. ಸಾಹೇಬ್ರು ಕುಡದು ಮುಂದುವರಿಸಿದ್ರು: “ಗೌರವಪೂರ್ವಕ ಬೈಗುಳವೆಂಬ ಈ ಶೈಲಿ ಸುತ್ತೋಲೆಯಲ್ಲಿ ಇಲ್ಲ. ಇದನ್ನು ಸೇರಿಸಲಾಗುವುದು. ಇದಕ್ಕಾಗಿ ಒಂದು ಖಾಯಂ ಹುದ್ದೆಯನ್ನು ನಾನು ಮಂಜೂರು ಮಾಡುತ್ತಿದ್ದೇನೆ. ನಿಯಮದಂತೆ ಅದು ಶೈಲಿಯ ಮೂಲ ಪ್ರವರ್ತಕರಿಗೆ ಸಲ್ಲಬೇಕು. ಇದು ತಮ್ಮದೇ ಅಲ್ಲವೇ?”

ಕೇಳಿದ್ರ್ಯಾ? ಬರೇ ‘ಹೌದ್ರಿ’ ಅಂದ್ರ ಆತು! ಸಾಹೇಬ್ರ ಬೆನ್ನ ಹಿಂದ ನಜೀರಸಾಬ ತಲಿ ಮ್ಯಾಲ ಕೆಳಗ ಮಾಡಿ ‘ಹೂಂ ಅನ್ರಿ’ ಅಂತ ಸನ್ನಿ ಮಾಡಿದ. ಸಂಗಯ್ಯ ಕೈ ಎತ್ತಿ ಮೊದಲ ಆಶೀರ್ವಾದ ಮಾಡೇಬಿಟ್ಟ. ಸಾವಂತ್ರವ್ವ ಕುಣ್ಯಾಗ ಅಂವನ ಪಕ್ಕಿಗೆ ಮೊಣಕೈಲೆ ತಿವದಳು.

ಈರಪ್ಪ ಬಾಯಿ ತಗದ. “ಅಲ್ರಿ. ನಂದಲ್ರಿ. ನಮ್ಮ ಮನ್ಯಾಕೀದ್ರಿ. ನಾ ಬರೇ ಉರು ಹೊಡದದ್ರಿ.”

ಆದೇಶ ಲಗೂನ ಬಂತು. “ಶ್ರೀಮತಿ ಬಸಲಿಂಗವ್ವ ಇವರನ್ನು ಇಳಕಲ್ಲ ಕೇಂದ್ರದ ಖಾಯಂ ಮುಖ್ಯ ಮೇಲ್ವಿಚಾರಕಿಯನ್ನಾಗಿ ನೇಮಿಸಲಾಗಿದೆ. ಶ್ರೀ ಈರಪ್ಪ ಇವರ ಹಂಗಾಮಿ ಸೇವೆಯನ್ನು ಸದರಿ ಶ್ರೀಮತಿಯವರ ಅಧೀನದಲ್ಲಿ ಮುಂದಿನ ಆದೇಶದವರೆಗೆ ಮುಂದುವರಿಸಲಾಗಿದೆ.”

“ನಾ ಯಾವಾಗ ಅರ್ಜಿ ಹಾಕಿದ್ನಿರೀ?” ಅಂತ ಬಸಲಿಂಗವ್ವ ಕೇಳಿದಳು. ಸೋಮವಾರ ತಲಿ ಬಾಚಿ, ಸೆರಗ ಹೊದ್ದು ಹೋಗಿ ಕುರ್ಚಿ ಮ್ಯಾಲ ಕುಂತಳು. “ನನಗ ನಾಕ ನಮೂನಿ ಬರೂದಿಲ್ಲ, ಒಂದ ಬರತೈತಿ. ಏಳ್ರಿ!” ಅಂದಳು. ನಾಕೂ ಮಂದಿ ಎದ್ರು. ಈರಪ್ಪನೂ ಎದ್ದ.

ಈಗ ಭಾಳ ಚೊಲೋ ನಡದೈತಿ. ಮಂಗಳವಾರ ಹುನಗುಂದದ ಅಧಿಕಾರಿಗಳು, ಬುಧವಾರ ಬಾದಾಮಿಯವ್ರು, ಗುರುವಾರ ಬಾಗಲಕೋಟಿಯವ್ರು ಸರತಿ ಹಚ್ಚಿ ಬಂದು, ಬೂಟು ಹೊರಗ ಬಿಟ್ಟು, ಬಸಲಿಂಗವ್ವನ ಕಡಿಂದ ಮರ್ಯಾದಿಲೆ ಬೈಸಿಕೊಂಡು ಹೋಗತಾರ. ಬೈಸಿಕೊಂಡ ಬಗ್ಗೆ ಪ್ರಯಾಣ ಭತ್ತೆ ಐತಿ. ಮೊದಲಿನ ಶೈಲಿಗಳೂ ರದ್ದಾಗಿಲ್ಲ, ಅವನ್ನ ಹಂಗಾಮಿಯವ್ರು ನೋಡಕೋಬೇಕು: ಬಗ್ಗೂದು, ಇಳಿಯೂದು, ವಾಹ್ವಾ ಅನ್ನೂದು. ಈರಪ್ಪಗ ರಜಾ ಬೇಕಂದ್ರ ಮನ್ಯಾಗ ಕೇಳೂ ಹಂಗಿಲ್ಲ, “ಕಚೇರಿ ಮಾತು ಕಚೇರ್ಯಾಗ ಕೇಳ್ರಿ” ಅಂತಾಳ. ಓಣಿ ಮಂದಿ ಸಕ್ಕರಿ ಹಂಚಿದ್ರು. “ಖಾಯಂ ಅಂತೂ ನಿಮ್ಮ ಮನೀಗೆ ಬಂತಲ್ಲೋ ಈರಪ್ಪಾ,” ಅಂದ್ರು. ಅಂವನೂ ಒಂದ ಚಿಟಕಿ ಸಕ್ಕರಿ ಬಾಯಿಗೆ ಹಾಕ್ಕೊಂಡು “ಹೌದ್ರಿ, ಬಂತ್ರಿ” ಅಂದ.

ಆದ್ರ ನನಗ ರಾತ್ರಿ ನಿದ್ದಿ ಹತ್ತವಲ್ಲದ್ರಿ! ಸಾಹೇಬ ಬರೇ ಕಾಲಲೇ ಎದರಿಗೆ ನಿಂತಾನ, ನಿಮ್ಮ ಕಾಲು ಕುಣ್ಯಾಗ ಸಿಕ್ಕೊಂಡೈತಿ, ‘ಹೌದ್ರಿ’ ಅಂದ್ರ ಜನ್ಮಕ್ಕೆಲ್ಲಾ ಖಾಯಂ, ‘ಅಲ್ರಿ’ ಅಂದ್ರ ಹಂಗಾಮಿ, ಹೆಂಡ್ತಿ ಅಲ್ಲಿಲ್ಲ, ಆಕೀಗೆ ಗೊತ್ತಾಗೂ ಹಂಗೂ ಇಲ್ಲ. ಹೇಳ್ರಿ, ಖರೆ ಖರೆ ಹೇಳ್ರಿ, ನೀವಾಗಿದ್ರ ಏನಂತಿದ್ರಿ?